ಹಿತ್ತಲ ಹೊಂಡಕ್ಕೆ ನೀರು, ಕರೆಂಟು



ಹಿತ್ತಲಲ್ಲಿ ಹೊಂಡ ತೋಡುವುದು ನಮಗೆ ಎರಡು ದಿನದ ಕೆಲಸ. ಆ ಹೊಂಡಕ್ಕೆ ನೀರು, ಕರೆಂಟು ಮುಟ್ಟಿಸುವುದು ಎರಡು ವಾರದ ಕೆಲಸವಾಯಿತು. ಹೊಂಡದ ಫೋಟೊ ನೋಡಿ ನಿಮ್ಮಲ್ಲಿ ಹಲವರು "ಚಲೋ ಆಗ್ಯಾದ" ಅಂದಿರಿ. ಆದರೆ ಹೆಚ್ಚಿನ ಕೆಲಸ ಫೋಟೊದಲ್ಲಿ ಕಾಣುವುದೇ ಇಲ್ಲ, ಅದು ಮಣ್ಣಿನ ಕೆಳಗಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮೆಲ್ಲರ ಮನೆಗಳಲ್ಲೂ ಬೋರ್ ಇದೆ, ಮೋಟಾರು ಇದೆ, ಹಿತ್ತಲಲ್ಲಿ ವೈರು ಇದೆ. ಆಡುವ ಸಣ್ಣ ಮಕ್ಕಳೂ ಇದ್ದಾರೆ.

ನಮ್ಮೂರು ಉಮರ್ಗಾ ಮತ್ತು ನಿಲಂಗಾ ನಡುವೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಸಂತೆಯಲ್ಲಿ ಎರಡೂ ಕೂಡಿ. 1956ರವರೆಗೆ ನಿಲಂಗಾ, ಉದಗೀರ ತಾಲೂಕುಗಳು ಬೀದರ ಜಿಲ್ಲೆಯಲ್ಲೇ ಇದ್ದವು. ರಾಜ್ಯದ ಗಡಿ ಬದಲಾಯಿತು, ಮನೆಯ ಮಾತು ಬದಲಾಗಲಿಲ್ಲ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವದ ಕಿಲ್ಲಾರಿ ಭೂಕಂಪದ ನಂತರ ನಮ್ಮವರಿಗೆ ಹೊಸ ಜಾಗದಲ್ಲಿ ಮನೆ ಕಟ್ಟಿಕೊಟ್ಟರು. ಹಳೆಯ ಊರಲ್ಲಿ ಒಬ್ಬರ ಗೋಡೆಗೆ ಇನ್ನೊಬ್ಬರ ಗೋಡೆ ಹತ್ತಿಕೊಂಡಿತ್ತಂತೆ. ಹೊಸ ಊರಲ್ಲಿ ಮನೆ ಸಣ್ಣದು, ಹಿತ್ತಲು ದೊಡ್ಡದು.

ಹೊಂಡದ ವಿಚಾರ ಅಪ್ಪನ ತಲೆಯಲ್ಲಿ ಹುಟ್ಟಿದ್ದು 2016ರಲ್ಲಿ. ಆ ಏಪ್ರಿಲ್‌ನಲ್ಲಿ ಲಾತೂರಿಗೆ ಮಿರಜಿನಿಂದ ರೈಲಿನಲ್ಲಿ ನೀರು ಬಂತು. ಮೊದಲ ರೈಲಿಗೆ 10 ವ್ಯಾಗನ್, ಒಟ್ಟು 5 ಲಕ್ಷ ಲೀಟರ್ ನೀರು. ನಾನಾಗ ಶಾಲೆಯಲ್ಲಿದ್ದೆ. ಅಂದಿನಿಂದ ಅಪ್ಪನದು ಒಂದೇ ಮಾತು: "ನೀರ ಬಂದಾಗ ಹಿಡದ ಇಡಬೇಕ." ಹೊಲದಲ್ಲಿ ದೊಡ್ಡ ಶೇತ್ತಳೆ ತೋಡಿಸುವಷ್ಟು ಜಮೀನು ನಮಗಿಲ್ಲ. ಹಾಗಾಗಿ ಹಿತ್ತಲಲ್ಲೇ 10 ಅಡಿ ಉದ್ದ, 8 ಅಡಿ ಅಗಲ, 3 ಅಡಿ ಆಳದ ಹೊಂಡ ತೋಡಿ ಪ್ಲಾಸ್ಟಿಕ್ ಹಾಳೆ ಹಾಸಿದೆವು. ತುಂಬಿದರೆ ಸುಮಾರು 6,800 ಲೀಟರ್. ಮಳೆಗಾಲದಲ್ಲಿ ಮಾಳಿಗೆಯ ನೀರು, ಉಳಿದ ದಿನಗಳಲ್ಲಿ ಕರೆಂಟು ಇದ್ದು ಬೋರಿನಲ್ಲೂ ನೀರು ಇದ್ದಾಗ ಬೋರಿನ ನೀರು. ಅಲ್ಲಿಂದ ಸಣ್ಣ ಪಂಪಿನಲ್ಲಿ ಕಾಯಿಪಲ್ಲೆ ಮಡಿಗಳಿಗೆ, ಎಮ್ಮೆಯ ಬಾನಿಗೆ. ಸೊಳ್ಳೆಮರಿ ತಿನ್ನಲೆಂದು ನಾಲ್ಕು ಗಪ್ಪಿ ಮೀನನ್ನೂ ಬಿಟ್ಟಿದ್ದೇವೆ.

ಬೋರು ಇರುವುದು ಮನೆಯ ಮುಂದೆ, ಹೊಂಡ ಇರುವುದು ಹಿಂದೆ. ನಡುವೆ 120 ಅಡಿ. ಸುಲಭದ ದಾರಿ ಎಲ್ಲರಿಗೂ ಗೊತ್ತು: ಪೈಪು ನೆಲದ ಮೇಲೆ ಎಳೆಯುವುದು, ವೈರನ್ನು ಬೇಲಿಗುಂಟ ಕಟ್ಟುವುದು, ಹರಿದಲ್ಲಿ ಟೇಪು ಸುತ್ತುವುದು. ನಮ್ಮ ಪಕ್ಕದ ಓಣಿಯಲ್ಲಿ ಒಬ್ಬರ ಮನೆಯ ವೈರು ಹಾಗೇ ಇತ್ತು. ಒಂದು ಮಳೆಗಾಲದ ಸಂಜೆ ಅವರ ಎಮ್ಮೆ ಬೇಲಿಗೆ ಮೈ ಉಜ್ಜಿತು, ಅಲ್ಲೇ ಬಿತ್ತು. ಎಬ್ಬಿಸಲು ಓಡಿಬಂದ ಮನೆಯೊಡತಿಯನ್ನು ಹಿಂದಿನಿಂದ ಯಾರೋ ಕೂಗಿ ತಡೆದರು. ಒಂದು ಹೆಜ್ಜೆ ಮುಂದೆ ಹೋಗಿದ್ದರೆ ಅವರೂ ಉಳಿಯುತ್ತಿರಲಿಲ್ಲ.

ನಮ್ಮಣ್ಣನ ಮಗಳಿಗೆ ಈಗ ನಾಲ್ಕು ವರ್ಷ. ಅವಳ ದಿನವೆಲ್ಲ ಹಿತ್ತಲಲ್ಲೇ. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಮೊದಲ ದಿನವೇ ಕರಾರು ಹಾಕಿದಳು: "ಕೂಸ ಆಡೋ ಜಾಗದಾಗ ಕರೆಂಟ ತರ್ತೀರಿ. ನಾ ಕಣ್ಣಿಲೆ ನೋಡಿದ ಮ್ಯಾಲೇ ಮಣ್ಣ ಮುಚ್ಚರಿ."

ಉದಗೀರದಲ್ಲಿ ನಮ್ಮ ಮಾಮಾ ವೈರಿಂಗ್ ಕೆಲಸ ಮಾಡುತ್ತಾರೆ. ಅವರು ಬಂದು ಸುಣ್ಣದ ಗೆರೆ ಎಳೆದು, "ಎರಡೂವರೆ ಅಡಿ ಆಳ. ಒಂದ ಬಟ್ಟೂ ಕಡಿಮಿ ಬ್ಯಾಡ" ಅಂದರು. ಮನೆಬಳಕೆಯ ಕರೆಂಟಿನ ಕೇಬಲನ್ನು ಹೂಳುವುದಾದರೆ 75 ಸೆಂಟಿಮೀಟರ್ ಆಳ ಇರಬೇಕೆಂದು ನಮ್ಮ ದೇಶದ ಮಾನಕವೇ ಹೇಳುತ್ತದೆ. ಗುದ್ದಲಿ, ನೇಗಿಲು ಅಷ್ಟು ಕೆಳಗೆ ಸಾಮಾನ್ಯವಾಗಿ ಇಳಿಯುವುದಿಲ್ಲ. ಶನಿವಾರ ನಮ್ಮ ಯುವಕ ಸಂಘದ ಐದು ಮಂದಿ ಸಲಿಕೆ, ಪಿಕಾಸಿ ಹಿಡಿದು ಬಂದರು. ಮೇಲಿನ ಎರೆಮಣ್ಣು ಬೇಗ ಬಿಟ್ಟಿತು. ಕೆಳಗಿನ ಮೊರಂ ಎಲ್ಲರ ಅಂಗೈಯಲ್ಲೂ ಬೊಬ್ಬೆ ಎಬ್ಬಿಸಿತು.

ಎರೆಮಣ್ಣಿನ ಗುಣ ನಮಗೆಲ್ಲ ಗೊತ್ತೇ ಇದೆ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಅದರೊಳಗೆ ಬಿಗಿಯಾಗಿ ಎಳೆದು ಹೂತ ಪೈಪು ವರ್ಷಕ್ಕೊಮ್ಮೆ ಎಳೆತಕ್ಕೆ ಸಿಗುತ್ತದೆ, ಅಂಟು ಹಚ್ಚಿದ ಜೋಡಣೆ ಮೊದಲು ಬಿಡುತ್ತದೆ. ಅದಕ್ಕೇ ನಡುವೆ ಎಲ್ಲೂ ಜೋಡಣೆ ಇಲ್ಲದಂತೆ ಎಚ್‌ಡಿಪಿಇ ಕರಿ ಪೈಪಿನ ಒಂದೇ ಸುರುಳಿ ತಂದೆವು. ತಗ್ಗಿನ ತಳದಲ್ಲಿ ಮರಳು ಹಾಸಿ, ಪೈಪನ್ನೂ ಕೇಬಲನ್ನೂ ಹಾವು ಹರಿದಂತೆ ಸ್ವಲ್ಪ ಡೊಂಕಾಗಿ, ಸಡಿಲವಾಗಿ ಮಲಗಿಸಿದೆವು. ನೆಲ ಎಳೆದರೂ ಅವು ಚಾಚಿಕೊಳ್ಳಬಹುದು. ತಗ್ಗಿನ ಒಂದು ಬದಿಗೆ ಕೇಬಲು, ಇನ್ನೊಂದು ಬದಿಗೆ ಪೈಪು, ನಡುವೆ ಒಂದು ಅಡಿ ಅಂತರ. ನಾಳೆ ಪೈಪು ಸೋರಿದರೆ ದುರಸ್ತಿ ಮಾಡುವವನ ಗುದ್ದಲಿ ಕೇಬಲಿಗೆ ತಾಗಬಾರದು. ಎತ್ತಿನ ಗಾಡಿ ದಾಟುವಲ್ಲಿ ಎರಡನ್ನೂ ಬೇರೆಬೇರೆ ದಪ್ಪ ಪೈಪಿನೊಳಗೆ ತೂರಿಸಿದೆವು.

ಕೇಬಲು ಆರ್ಮರ್ಡ್ ಜಾತಿಯದು: ಒಳಗೆ ತಾಮ್ರ, ಮೇಲೆ ಉಕ್ಕಿನ ತಂತಿಯ ಹೊದಿಕೆ. ಆ ಹೊದಿಕೆಗೂ ಅರ್ಥಿಂಗ್ ಕೊಟ್ಟರು. ಕೇಬಲಿನ ಮೇಲೆ ಮತ್ತೆ ಮರಳು, ಮರಳಿನ ಮೇಲೆ ಸಾಲಾಗಿ ಇಟ್ಟಿಗೆ. ಇಟ್ಟಿಗೆ ಯಾಕೆ ಎಂದು ಕೇಳಿದೆ. "ಪಿಕಾಸಿ ಇಟ್ಟಂಗಿಗೆ ಬಡದ್ರ ಅಗಿಯಾಂವ ಒಂದ ಗಳಿಗಿ ನಿಲ್ತಾನ. ನಿಂತ್ರ ಸಾಕ" ಅಂದರು ಮಾಮಾ. ಇಟ್ಟಿಗೆಯಿಂದ ಒಂದು ಅಡಿ ಮೇಲೆ, ಕೆಂಪು ಅಕ್ಷರದ ಎಚ್ಚರಿಕೆ ಪಟ್ಟಿಯನ್ನೂ ಹಾಸಿದರು.

ಬೋರ್ಡಿನಲ್ಲಿ ಎಂ.ಸಿ.ಬಿ. ಇದೆ, ಸಾಕಲ್ಲವೇ ಎಂದು ಅಪ್ಪ ಕೇಳಿದರು. ಮಾಮಾ ಕೊಟ್ಟ ಲೆಕ್ಕ ಎಲ್ಲರಿಗೂ ಗೊತ್ತಿರಬೇಕು. 16 ಆಂಪಿಯರ್‌ನ ಎಂ.ಸಿ.ಬಿ. ಬೀಳಬೇಕಾದರೆ 16 ಆಂಪಿಯರ್‌ಗಿಂತ ಹೆಚ್ಚು ಕರೆಂಟು ಹರಿಯಬೇಕು. ಅದು ವೈರು ಸುಡದಂತೆ ಕಾಯುತ್ತದೆ, ಮನುಷ್ಯನನ್ನು ಕಾಯುವುದಿಲ್ಲ. ಎದೆಯ ಮೂಲಕ ಹರಿದರೆ ಅದರ ಒಂದು ಸಣ್ಣ ಭಾಗವೇ ಹೃದಯದ ಬಡಿತ ತಪ್ಪಿಸಲು ಸಾಕು. ಮನುಷ್ಯನನ್ನು ಕಾಯುವುದು ಆರ್.ಸಿ.ಸಿ.ಬಿ. ಅದು ಹೋದ ಕರೆಂಟನ್ನೂ ಮರಳಿ ಬಂದ ಕರೆಂಟನ್ನೂ ಸದಾ ಹೋಲಿಸುತ್ತಿರುತ್ತದೆ. ವ್ಯತ್ಯಾಸ 30 ಮಿಲಿಆಂಪಿಯರ್ ಮುಟ್ಟಿತೆಂದರೆ, ಆ ಕರೆಂಟು ನೀರಿನ ಮೂಲಕವೋ ಯಾರದೋ ಮೈಯ ಮೂಲಕವೋ ನೆಲಕ್ಕೆ ಹೋಗುತ್ತಿದೆ ಎಂದು ತಿಳಿದು ಕಣ್ಣು ಮಿಟುಕಿಸುವಷ್ಟರಲ್ಲಿ ಲೈನು ಕಡಿಯುತ್ತದೆ. 16 ಆಂಪಿಯರ್ ಅಂದರೆ 16,000 ಮಿಲಿಆಂಪಿಯರ್. ಎರಡರ ನಡುವೆ 500 ಪಟ್ಟಿಗೂ ಹೆಚ್ಚು ಅಂತರ. ಇಷ್ಟಿದ್ದರೂ ಪಂಪಿನ ಬಳಿ ನೀರಿಗೆ ಕೈ ಹಾಕುವ ಮೊದಲು ಮೇನ್ ಸ್ವಿಚ್ ತೆಗೆಯುವುದು ನಮ್ಮ ಮನೆಯ ಕಾನೂನು.

ನೀರಿನ ಪೈಪಿನದೂ ಒಂದು ವಿಷಯ ಇದೆ. ಪೈಪಿನ ತುದಿಯನ್ನು ಹೊಂಡದ ನೀರಿನೊಳಗೆ ಮುಳುಗಿಸಿ ಇಡಬಾರದು. ಮೋಟಾರು ನಿಂತಾಗ ಪೈಪಿನ ನೀರು ಹಿಂದಕ್ಕೆ ಇಳಿದರೆ ಹೊಂಡದ ಪಾಚಿನೀರನ್ನೂ ಎಳೆದುಕೊಂಡು ಹೋಗುತ್ತದೆ. ನಮ್ಮ ಮನೆಯಲ್ಲಿ ಕುಡಿಯುವ ನೀರೂ ಅದೇ ಬೋರಿನದು. ಆದ್ದರಿಂದ ತುದಿಯನ್ನು ನೀರಿನ ಮಟ್ಟಕ್ಕಿಂತ ಅರ್ಧ ಅಡಿ ಮೇಲೆ ಕಟ್ಟಿದ್ದೇವೆ, ನೀರು ಮೇಲಿಂದ ಬೀಳುತ್ತದೆ. ಮಣ್ಣು ಮುಚ್ಚುವ ಮೊದಲು ಪೈಪಿನ ತುದಿ ಬಿಗಿದು ಒಂದು ರಾತ್ರಿ ನೀರು ತುಂಬಿಸಿ ಇಟ್ಟೆವು. ಬೆಳಿಗ್ಗೆ ಬೋರಿನ ಹತ್ತಿರದ ಒಂದು ಕಡೆ ಮರಳು ಒದ್ದೆಯಾಗಿತ್ತು. ಬಿಗಿದು ಇನ್ನೊಂದು ರಾತ್ರಿ ಕಾದೆವು.

ಆಯಿ ಕೋಲು ಊರಿಕೊಂಡು ಬಂದು ತಗ್ಗಿನ ಉದ್ದಕ್ಕೂ ನಡೆದು ನೋಡಿದಳು. ಎಲ್ಲ ಸರಿ ಅಂದ ಮೇಲೆ, "ಇದರ ಗುರ್ತ ಎಲ್ಲದ?" ಎಂದು ಕೇಳಿದಳು. ಎಲ್ಲರೂ ಸುಮ್ಮನಾದೆವು. ಆಗ ಅವಳು 1993ರ ಆ ಬೆಳಗಿನ ಮಾತು ತೆಗೆದಳು. ಕಲ್ಲು ಮಣ್ಣಿನ ಗೋಡೆಗಳೆಲ್ಲ ಕುಸಿದ ಮೇಲೆ ಓಣಿ ಯಾವುದು, ಮನೆ ಯಾವುದು ಎಂದು ಹುಟ್ಟಿ ಬೆಳೆದವರಿಗೇ ತಿಳಿಯುತ್ತಿರಲಿಲ್ಲವಂತೆ. ಬೇರೆ ಊರುಗಳಿಂದ ಬಂದವರು ಎಲ್ಲಿ ಅಗೆಯಬೇಕು ಎಂದು ಕೇಳುತ್ತಿದ್ದರು. ಓಣಿಯ ಬೇವಿನ ಮರ ಒಂದು ನಿಂತಿತ್ತು. ಆಯಿ ಆ ಮರದಿಂದ ಹೆಜ್ಜೆ ಎಣಿಸಿ, ತನ್ನ ನಾದಿನಿಯ ಸಂಸಾರ ಮಲಗುತ್ತಿದ್ದ ಕೋಣೆ ಇಲ್ಲೇ ಎಂದು ತೋರಿಸಿದಳು. ಅಲ್ಲಿಂದ ಒಬ್ಬರನ್ನು ಜೀವಂತ ತೆಗೆದರು. ಇಬ್ಬರು ಉಳಿದಿರಲಿಲ್ಲ. "ಮರ ಇತ್ತಂತ ಗುರ್ತ ಸಿಕ್ತು. ಮಣ್ಣಾಗ ಏನ ಇಟ್ರೂ ಮ್ಯಾಲೊಂದ ಗುರ್ತ ಇಡಬೇಕ" ಅಂದಳು.

ಅಂದು ಸಂಜೆಯೇ ಟೇಪು ಹಿಡಿದು ಅಳೆದೆವು. ತಗ್ಗು ತಿರುಗುವ ಪ್ರತಿ ಮೂಲೆಯನ್ನೂ ಎರಡು ಕಡೆಯಿಂದ ಅಳೆಯಬೇಕು: ಒಂದು ಮನೆಯ ಮೂಲೆಯಿಂದ, ಇನ್ನೊಂದು ಬೋರಿನ ಕೇಸಿಂಗಿನಿಂದ. ಎರಡು ಅಳತೆ ಕೂಡಿದರೆ ಜಾಗ ತಪ್ಪುವುದಿಲ್ಲ. ಆ ನಕ್ಷೆಯ ಒಂದು ಪ್ರತಿ ಮೀಟರ್ ಡಬ್ಬಿಯ ಬಾಗಿಲ ಒಳಗೆ, ಒಂದು ಅಪ್ಪನ ಟ್ರಂಕಿನಲ್ಲಿದೆ. ಟೇಪು ಹಿಡಿದೇ ತೆಗೆದ ಫೋಟೊಗಳು ಮನೆಯವರೆಲ್ಲರ ಮೊಬೈಲಿನಲ್ಲಿವೆ. ತಿರುವುಗಳಲ್ಲಿ ಬಿಳಿ ಬಣ್ಣ ಹಚ್ಚಿದ ಕಲ್ಲು ನೆಟ್ಟಿದ್ದೇವೆ.

ಬೀದರಿನ ನೌಬಾದದಲ್ಲಿ ಬಹಮನಿ ಕಾಲದ ಕರೇಜ್ ಇದೆ. ನೆಲದಡಿಯ ಸುರಂಗದಲ್ಲಿ ನೀರು ಹರಿಸಿದವರು ಮೇಲೆ ಅಲ್ಲಲ್ಲಿ ಬಾವಿಯಂಥ ಬಾಯಿ ಬಿಟ್ಟಿದ್ದರು. ಗಾಳಿಗೂ ಹೂಳು ತೆಗೆಯುವುದಕ್ಕೂ ಬೇಕಾದ ಆ ಬಾಯಿಗಳ ಸಾಲೇ ಇವತ್ತಿಗೂ ಸುರಂಗ ಯಾವ ಕಡೆ ಹೋಗಿದೆ ಎಂದು ತೋರಿಸುತ್ತದೆ. ಆದಿಕಾಂಡದ 26ನೇ ಅಧ್ಯಾಯದಲ್ಲಿ ಇಸಾಕನು ತಂದೆಯ ಕಾಲದ ಮುಚ್ಚಿಹೋದ ಬಾವಿಗಳನ್ನು ಮತ್ತೆ ತೋಡಿಸಿ, ತಂದೆ ಇಟ್ಟ ಹೆಸರುಗಳನ್ನೇ ಇಟ್ಟದ್ದು ನಮಗೆಲ್ಲ ಗೊತ್ತು. ಆ ಜಾಗಗಳನ್ನೂ ಹೆಸರುಗಳನ್ನೂ ಯಾರೋ ಅವನಿಗೆ ಹೇಳಿಕೊಟ್ಟಿರಲೇಬೇಕು.

ನಮ್ಮ ಸಭೆಯ ಅಂಗಳದ ಕಥೆ ನೆನಪಿದೆಯಲ್ಲ? ಹೋದ ಮಳೆಗಾಲ ಸಸಿ ನೆಡಲು ತಗ್ಗು ತೆಗೆಯುವಾಗ ಹಳೆಯ ಪೈಪು ಒಡೆದು, ಭಾನುವಾರ ಕೈ ತೊಳೆಯಲೂ ನೀರಿರಲಿಲ್ಲ. ಅದನ್ನು ಹೂತವರು ಈಗ ನಮ್ಮೊಂದಿಗಿಲ್ಲ. ಹೋಗಿದ್ದು ನೀರಿನ ಪೈಪು ಮಾತ್ರ. ಮೈಕಿನ ವೈರೂ ಅದೇ ಅಂಗಳದ ಕೆಳಗೆ ಎಲ್ಲೋ ಇದೆ.

ಅದಕ್ಕೇ ನಿಮ್ಮಲ್ಲಿ ಒಂದು ವಿನಂತಿ. ಈ ವಾರ ನಿಮ್ಮ ಮನೆಯ ಬೋರ್ಡಿನಲ್ಲಿ ಆರ್.ಸಿ.ಸಿ.ಬಿ. ಇದೆಯೇ ನೋಡಿ. ಇದ್ದರೆ ಅದರ ಮೇಲಿನ 'ಟಿ' ಗುಂಡಿ ಒತ್ತಿ, ಕೂಡಲೇ ಲೈನು ಬೀಳಬೇಕು. ಬೀಳದಿದ್ದರೆ, ಅಥವಾ ಅದು ಇಲ್ಲವೇ ಇಲ್ಲದಿದ್ದರೆ, ಬಲ್ಲವರನ್ನು ಕರೆಸಿ. ನಮ್ಮ ಮನೆಯಲ್ಲಿ ತಿಂಗಳ ಮೊದಲ ದಿನ ಆ ಗುಂಡಿ ಒತ್ತುವುದು ನನ್ನ ಕೆಲಸ. ನಾನು ಮರೆತರೆ ಆಯಿ ಮರೆಯುವುದಿಲ್ಲ. ಆಮೇಲೆ ನಿಮ್ಮ ತಂದೆಯವರನ್ನೋ ಕಾಕಾ ಅವರನ್ನೋ ಕರೆದುಕೊಂಡು ಹಿತ್ತಲಲ್ಲಿ ನಡೆದು, ಯಾವ ಪೈಪು, ಯಾವ ವೈರು ಎಲ್ಲಿ ಹೋಗಿದೆ ಎಂದು ಕೇಳಿ ಬರೆದಿಡಿ. ಕೇಳಲು ಅವರು ಇರುವಾಗಲೇ ಕೇಳಿ.

ಬರುವ ಶನಿವಾರ ಬೆಳಿಗ್ಗೆ ಸಭೆಯ ಅಂಗಳವನ್ನೂ ಹೀಗೇ ಅಳೆದು ನಕ್ಷೆ ಮಾಡೋಣ. ಹಿರಿಯರಲ್ಲಿ ಇಬ್ಬರು ಬಂದು ತೋರಿಸುತ್ತೇವೆ ಎಂದಿದ್ದಾರೆ. ಉದ್ದನೆಯ ಟೇಪು ಇದ್ದವರು ತರ್ರಿ.