ಚಿನ್ನ ಸಿಕ್ಕ ಊರಿಗೆ ಹನ್ನೊಂದು ಬೈಕುಗಳು

ಚಳಿಗಾಲ ಬಂತು ಅಂದ್ರೆ ಬೈಕಿಗೆ ಕವರ್ ಹೊದಿಸಿ ಮಾರ್ಚ್ ತನಕ ಮುಟ್ಟದವರು ಅಮೆರಿಕದಲ್ಲಿ ತುಂಬಾ ಜನ. ನಾನಿರೋದು ಕ್ಯಾಲಿಫೋರ್ನಿಯಾದ ಫೋಲ್ಸಮ್‌ನಲ್ಲಿ. ಇಲ್ಲಿ ಹಿಮ ಬೀಳುವುದಿಲ್ಲ, ಹಾಗಾಗಿ ನಮ್ಮ ಗುಂಪು ವರ್ಷಪೂರ್ತಿ ತಿಂಗಳಿಗೊಂದು ಶನಿವಾರ ಹೊರಡುತ್ತೆ. ಹೆಚ್ಚಿನವರು ನಿವೃತ್ತರು. ಮೂವತ್ತರ ಆಸುಪಾಸಿನವಳು ನಾನೊಬ್ಬಳೇ, ಸೀರೆ ಉಡಲು ಬರುವವಳೂ ನಾನೊಬ್ಬಳೇ. ನನ್ನದು ಹೋಂಡಾ ರೆಬೆಲ್ 500. ಎರಡು ವರ್ಷದ ಹಿಂದೆ ಬೈಕ್ ತಗೊಂಡೆ ಅಂತ ಹೇಳಿದಾಗ ಅಮ್ಮ ಒಂದು ವಾರ ಸರಿಯಾಗಿ ಮಾತಾಡಲಿಲ್ಲ. ಅಪ್ಪ ಮಾತ್ರ "ಟೈರ್‌ಗೆ ಗಾಳಿ ಎಷ್ಟು ಹಿಡಿಯುತ್ತೆ?" ಅಂತ ಕೇಳಿದರು.

ಈ ಜನವರಿಯ ಮೂರನೇ ಶನಿವಾರ ಹೋಗಿದ್ದು ಕೊಲೋಮಾ ಅನ್ನುವ ಊರಿಗೆ. ನಮ್ಮಿಂದ ಸುಮಾರು 40 ಕಿ.ಮೀ. 1848ರ ಜನವರಿ 24ರಂದು ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿದ್ದು ಅಲ್ಲೇ. ಊರಿನ ಹೆಚ್ಚಿನ ಭಾಗವನ್ನು ಈಗ 'ಮಾರ್ಷಲ್ ಗೋಲ್ಡ್ ಡಿಸ್ಕವರಿ' ಅನ್ನುವ ಸರ್ಕಾರಿ ಐತಿಹಾಸಿಕ ಉದ್ಯಾನವಾಗಿ ಇಟ್ಟುಕೊಂಡಿದ್ದಾರೆ. 24ನೇ ತಾರೀಖಿನ ಸುತ್ತಮುತ್ತ ಜನಜಂಗುಳಿ ಇರುತ್ತೆ ಅಂತ ಒಂದು ವಾರ ಮುಂಚೆಯೇ ಹೊರಟೆವು.

ಹೊರಡುವಾಗ ಮೂರು ಡಿಗ್ರಿ. ಬೈಕು ಎಂಬತ್ತರಲ್ಲಿ ಹೋದರೆ ಮೈಗೆ ಅದು ಸೊನ್ನೆಗಿಂತ ಐದು ಡಿಗ್ರಿ ಕೆಳಗಿದ್ದ ಹಾಗೆ. ಥರ್ಮಲ್, ಅದರ ಮೇಲೆ ಉಣ್ಣೆ, ಅದರ ಮೇಲೆ ಜಾಕೆಟ್. ಜಾಕೆಟ್ ಒಳಗೆ ಎದೆಯ ಹತ್ತಿರ ನಾನು ಮಡಚಿದ ದಿನಪತ್ರಿಕೆಯ ನಾಲ್ಕು ಹಾಳೆ ಇಟ್ಟುಕೊಳ್ಳುತ್ತೇನೆ. ಅಪ್ಪನಿಂದ ಕಲಿತದ್ದು. ಗುಂಪಿನವರು ಮೊದಲು ನಕ್ಕರು, ಈಗ ಇಬ್ಬರು ಅದನ್ನೇ ಮಾಡುತ್ತಾರೆ.

ಹೊರಡುವ ಮುಂಚೆ ಐದು ನಿಮಿಷ ಮೀಟಿಂಗ್. (ನನ್ನ ಕೆಲಸದ ಯಾವ ಮೀಟಿಂಗೂ ಐದು ನಿಮಿಷದಲ್ಲಿ ಮುಗಿದದ್ದು ನೆನಪಿಲ್ಲ.) ಯಾವ ದಾರಿ, ಎಲ್ಲಿ ಪೆಟ್ರೋಲು, ಯಾರು ಮುಂದೆ, ಯಾರು ಕೊನೆಗೆ. ಬೈಕುಗಳು ಒಂದರ ಪಕ್ಕ ಒಂದು ಹೋಗುವುದಿಲ್ಲ. ಒಬ್ಬರು ಲೇನಿನ ಎಡಭಾಗ, ಅವರ ಹಿಂದಿನವರು ಬಲಭಾಗ, ಹೀಗೆ ಹಾವಿನ ಹಾಗೆ. ನೇರ ಮುಂದಿರುವವರಿಗೂ ನಿಮಗೂ ಎರಡು ಸೆಕೆಂಡ್ ಅಂತರ. ತಿರುವುಗಳಲ್ಲಿ ಈ ಸಾಲು ಬಿಟ್ಟು ಒಬ್ಬರ ಹಿಂದೆ ಒಬ್ಬರು. ತೀರಾ ಹೊಸಬರಿಗೆ ಮುಂದಾಳಿನ ಬೆನ್ನ ಹಿಂದೆಯೇ ಜಾಗ, ಯಾಕಂದ್ರೆ ಅವರ ವೇಗಕ್ಕೆ ಮುಂದಾಳು ಹೊಂದಿಕೊಳ್ಳಬೇಕು. ಪ್ರತಿ ಕವಲಿನಲ್ಲೂ ಹಿಂದಿನವರು ಕನ್ನಡಿಯಲ್ಲಿ ಕಾಣುವ ತನಕ ನಿಲ್ಲಬೇಕು. ಕಟ್ಟಕಡೆಯಲ್ಲಿ ಬರುವವರಿಗೆ 'ಸ್ವೀಪ್' ಅಂತಾರೆ. ಟೂಲ್ ಕಿಟ್ಟು, ಪಂಕ್ಚರ್ ಸಾಮಾನು, ಪ್ರಥಮ ಚಿಕಿತ್ಸೆಯ ಡಬ್ಬಿ ಅವರ ಹತ್ತಿರ. ಅವರು ಯಾರನ್ನೂ ಹಿಂದೆ ಹಾಕುವಂತಿಲ್ಲ, ಯಾರಾದರೂ ನಿಂತರೆ ಅವರೂ ನಿಲ್ಲಬೇಕು. ನಮ್ಮ ಸ್ವೀಪ್ 67 ವರ್ಷದ ಹೆಂಗಸು. ಮೊದಲು ಶಾಲಾ ಬಸ್ ಓಡಿಸುತ್ತಿದ್ದರು.

ಸ್ಯಾಕ್ರಮೆಂಟೊ ಕಣಿವೆಯಲ್ಲಿ ಚಳಿಗಾಲಕ್ಕೆ ಒಂದು ವಿಶೇಷ ಮಂಜು ಇದೆ, ಟೂಲಿ ಮಂಜು ಅಂತ. ಟೂಲಿ ಅಂದರೆ ಜೌಗಿನಲ್ಲಿ ಬೆಳೆಯುವ ಜೊಂಡು. ಮಳೆ ಬಂದು ನಿಂತ ಮೇಲೆ ಆಕಾಶ ತಿಳಿಯಾಗಿ, ಗಾಳಿ ಆಡದ ರಾತ್ರಿ ನೆಲ ತಣ್ಣಗಾಗುತ್ತೆ. ಆಗ ನೆಲಕ್ಕೆ ಅಂಟಿಕೊಂಡೇ ಹುಟ್ಟುವ ಮಂಜು ಅದು. ಅವತ್ತು ಮುಂದಿನ ಬೈಕಿನ ಕೆಂಪು ದೀಪ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಹೆಲ್ಮೆಟ್ ಗಾಜನ್ನು ಕೈಗವಸಿನ ಬೆರಳಿಂದ ಒರೆಸುತ್ತಾ ಗ್ರೀನ್ ವ್ಯಾಲಿ ರಸ್ತೆಯಲ್ಲಿ ನಿಧಾನಕ್ಕೆ ಏರಿದೆವು. ಗುಡ್ಡ ಸ್ವಲ್ಪ ಎತ್ತರ ಆಗಿದ್ದೇ ತಡ, ಯಾರೋ ಪರದೆ ಸರಿಸಿದ ಹಾಗೆ ಬಿಸಿಲು! ಹಿಂದೆ ತಿರುಗಿ ನೋಡಿದರೆ ಇಡೀ ಕಣಿವೆ ಹಾಲು ಉಕ್ಕಿದ ಪಾತ್ರೆಯ ಹಾಗಿತ್ತು.

ಬಿಸಿಲು ಬಂತು ಅಂತ ಖುಷಿಪಡುವ ಹಾಗಿಲ್ಲ. ಚಳಿಗಾಲದ ಸವಾರಿಯಲ್ಲಿ ಅಪಾಯ ಇರೋದು ನೆರಳಿನಲ್ಲಿ. ಓಕ್ ಮರಗಳ ಕೆಳಗಿನ ತಿರುವುಗಳಲ್ಲಿ ರಾತ್ರಿಯ ತೇವ ಹೆಪ್ಪುಗಟ್ಟಿ ರಸ್ತೆಯ ಬಣ್ಣಕ್ಕೇ ತಿರುಗಿರುತ್ತೆ, ಕಣ್ಣಿಗೆ ಗೊತ್ತಾಗಲ್ಲ. ಟೈರು ತಣ್ಣಗಿದ್ದಾಗ ಹಿಡಿತವೂ ಕಡಿಮೆ. ಲೋಟಸ್ ರಸ್ತೆಯ ಒಂದು ತಿರುವಿನಲ್ಲಿ ನನ್ನ ಮುಂದಿನವರ ಹಿಂದಿನ ಚಕ್ರ ಒಂದಡಿ ಪಕ್ಕಕ್ಕೆ ಜಾರಿತು. ಅವರು ಬ್ರೇಕ್ ಮುಟ್ಟಲಿಲ್ಲ, ಬೈಕನ್ನು ಅದರ ಪಾಡಿಗೆ ಬಿಟ್ಟರು, ಅದು ತಾನೇ ನೆಟ್ಟಗಾಯಿತು. ಮುಂದೆ ಬಿಸಿಲಿರುವ ಕಡೆ ಎಲ್ಲರೂ ನಿಂತೆವು. ಕೊಲೋಮಾ ಆದ ಮೇಲೆ 49ನೇ ಹೆದ್ದಾರಿಯಲ್ಲಿ ಆಬರ್ನ್ ಕಡೆಗೆ ಹೋಗುವುದು ಅಂತ ಯೋಜನೆ ಇತ್ತು. ಆ ದಾರಿಯಲ್ಲಿ ತಿರುವುಗಳು ಜಾಸ್ತಿ. ಮುಂದಾಳು ಅದನ್ನು ಅಲ್ಲೇ ಕೈಬಿಟ್ಟರು. ಯಾರೂ ಮುಖ ಸಿಂಡರಿಸಲಿಲ್ಲ. ಈ ಗುಂಪಿನಲ್ಲಿ ನನಗೆ ಇಷ್ಟವಾಗೋದೇ ಇದು.

ಇಲ್ಲಿ ಒಂದು ವಿಷಯ ಹೇಳಬೇಕು. ಡಿಸೆಂಬರ್ 12ಕ್ಕೆ ನನ್ನ ಕೆಲಸ ಹೋಗಿತ್ತು. ನಮ್ಮ ಇಡೀ ಟೀಮನ್ನೇ ತೆಗೆದರು. ಎಚ್-1ಬಿ ವೀಸಾದಲ್ಲಿ ಇರುವವರಿಗೆ ಕೆಲಸ ಹೋದ ಮೇಲೆ ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಬೇರೆ ಕಂಪನಿ ನಮಗಾಗಿ ಅರ್ಜಿ ಹಾಕಬೇಕು, ಇಲ್ಲ ವೀಸಾದ ಬಗೆ ಬದಲಿಸಿಕೊಳ್ಳಬೇಕು, ಇಲ್ಲ ದೇಶ ಬಿಡಬೇಕು. ಸವಾರಿಯ ದಿನ 36ನೇ ದಿನ. ಗುಂಪಿನಲ್ಲಿ ಯಾರಿಗೂ ಹೇಳಿರಲಿಲ್ಲ. ಮನೆಯಲ್ಲೂ ಅಷ್ಟೇ.

ಕೊಲೋಮಾ ನದಿ ದಂಡೆಯ ಸಣ್ಣ ಊರು. ಜೇಮ್ಸ್ ಮಾರ್ಷಲ್ ಅನ್ನುವ ಬಡಗಿ, ಜಾನ್ ಸಟರ್ ಅನ್ನುವ ಜಮೀನ್ದಾರನ ಜೊತೆ ಪಾಲಿಗೆ ಇಲ್ಲಿ ಮರ ಕೊಯ್ಯುವ ಮಿಲ್ಲು ಕಟ್ಟುತ್ತಿದ್ದ. ನೀರು ಹೊರಹೋಗುವ ಕಾಲುವೆಯಲ್ಲಿ ಅವನಿಗೆ ಹೊಳೆಯುವ ಚೂರು ಕಂಡಿತು. ಅದು ಚಿನ್ನವೇ ಅಂತ ನೋಡಲು ಅಡುಗೆಯ ಜೆನ್ನಿ ವಿಮ್ಮರ್ ತಾನು ಸಾಬೂನು ಕಾಯಿಸುತ್ತಿದ್ದ ಕ್ಷಾರದ ಕಡಾಯಿಗೆ ಅದನ್ನು ಹಾಕಿದಳು. ಮರುದಿನ ತೆಗೆದರೂ ಹಾಗೇ ಹೊಳೆಯುತ್ತಿತ್ತಂತೆ. ಇತಿಹಾಸದಲ್ಲಿ ಮಾರ್ಷಲ್‌ಗೆ ಬೆಟ್ಟದ ಮೇಲೆ ಪ್ರತಿಮೆ ಇದೆ, ಜೆನ್ನಿಯ ಕಡಾಯಿಗೆ ಒಂದೆರಡು ಸಾಲು. ಇರಲಿ.

ಮುಂದೆ ಸುಮಾರು 3 ಲಕ್ಷ ಜನ ಕ್ಯಾಲಿಫೋರ್ನಿಯಾಕ್ಕೆ ನುಗ್ಗಿದರು. ಅದಕ್ಕೂ ಮೊದಲೇ ಇಲ್ಲಿದ್ದವರು ನಿಸೆನಾನ್ ಜನ. ಓಕ್ ಕಾಯಿ ಕುಟ್ಟಿ ಹಿಟ್ಟು ಮಾಡಲು ಅವರು ಬಂಡೆಯಲ್ಲಿ ಕೊರೆದ ಗುಳಿಗಳು ಉದ್ಯಾನದಲ್ಲಿ ಈಗಲೂ ಇವೆ. ಥೇಟ್ ನಮ್ಮ ಒರಳು. ಚಿನ್ನ ಬಂದ ಮೇಲೆ ಅವರ ನೆಲ ಹೋಯಿತು. ಪಕ್ಕದಲ್ಲೇ ಚೀನೀಯರ ಎರಡು ಅಂಗಡಿಗಳಿವೆ, ವಾ ಹಾಪ್ ಮತ್ತು ಮಾನ್ ಲೀ. ಹೊರದೇಶದಿಂದ ಬಂದು ಚಿನ್ನ ತೆಗೆಯುವವರ ಮೇಲೆ 1850ರಲ್ಲಿ ತಿಂಗಳಿಗೆ 20 ಡಾಲರ್ ತೆರಿಗೆ ಹಾಕಿದ್ದರು. ಆ ಅಂಗಡಿಯ ಮುಂದೆ ನಾನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತಿದ್ದೆ.

ನಾನು ಹುಟ್ಟಿದ್ದು ಕೋಲಾರದ ಚಿನ್ನದ ಗಣಿಯ ಊರಿನಲ್ಲಿ, ರಾಬರ್ಟ್‌ಸನ್‌ಪೇಟೆಯಲ್ಲಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ತಾತ ಗಣಿಯ ಒಳಗೆ, ಅಪ್ಪ ಮೇಲೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಕೊಲೋಮಾದ ಚಿನ್ನ ನದಿಯ ಮರಳಲ್ಲಿತ್ತು, ತಟ್ಟೆಯಲ್ಲಿ ಜಾಲಿಸಿದರೆ ಸಿಗುತ್ತಿತ್ತು. ನಮ್ಮದು ಬಂಡೆಯೊಳಗಿನ ಚಿನ್ನ, ಅದಕ್ಕಾಗಿ 3 ಕಿ.ಮೀ.ಗೂ ಹೆಚ್ಚು ಆಳಕ್ಕೆ ಇಳಿಯುತ್ತಿದ್ದರು. ಕೆಲಸ ಮುಗಿಸಿ ಮೇಲೆ ಬಂದವರನ್ನು ತಡಕಿ ಮನೆಗೆ ಬಿಡುತ್ತಿದ್ದರಂತೆ. ತಾತನ ಬೆರಳಲ್ಲಿ ಒಂದು ಉಂಗುರವೂ ಇದ್ದದ್ದು ನಾನು ಕಾಣೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ನನಗಾಗ ಆರು ವರ್ಷ. ಅಪ್ಪ ಬೆಳಗ್ಗೆ ಇನ್ನೂ ಕತ್ತಲಿರುವಾಗಲೇ ಎದೆಗೆ ಪೇಪರ್ ಇಟ್ಟುಕೊಂಡು ಯೆಜ್ಡಿಯಲ್ಲಿ ಬಂಗಾರಪೇಟೆ ಸ್ಟೇಷನ್ನಿಗೆ ಹೋಗಿ ಬೆಂಗಳೂರು ರೈಲು ಹತ್ತುತ್ತಿದ್ದರು. ವಾಪಸ್ ಬರುವಾಗ ನಾನು ಮಲಗಿರುತ್ತಿದ್ದೆ. ಆ ಯೆಜ್ಡಿಯ ಸದ್ದಿಗೆ ಎಚ್ಚರವಾದರೂ ಕಣ್ಣು ಬಿಡುತ್ತಿರಲಿಲ್ಲ.

ಮಾರ್ಷಲ್‌ಗೂ ಚಿನ್ನದಿಂದ ಏನೂ ದಕ್ಕಲಿಲ್ಲ. ಸರ್ಕಾರ 1872ರಲ್ಲಿ ಪಿಂಚಣಿ ಕೊಟ್ಟು 1878ಕ್ಕೆ ನಿಲ್ಲಿಸಿತು. 1885ರಲ್ಲಿ ಬಡವನಾಗಿಯೇ ಸತ್ತ. ಐದು ವರ್ಷದ ಮೇಲೆ ಅವನ ಗೋರಿಯ ಮೇಲೆ ಪ್ರತಿಮೆ ನಿಲ್ಲಿಸಿದರು. ಅದರ ಕೈ ಈಗಲೂ ಚಿನ್ನ ಸಿಕ್ಕ ಜಾಗದ ಕಡೆ ತೋರಿಸುತ್ತೆ.

ನದಿಯ ಹತ್ತಿರ ಕಲ್ಲಿನ ಮೇಲೆ ಕೂತು ಚಿತ್ರಾನ್ನ ತಿನ್ನುತ್ತಿದ್ದೆ. ಸ್ವೀಪ್ ಹೆಂಗಸು ಫ್ಲಾಸ್ಕ್ ಹಿಡಿದು ಬಂದು ಪಕ್ಕದಲ್ಲಿ ಕೂತರು. "ಇವತ್ತು ನೀನು ಕನ್ನಡಿ ಜಾಸ್ತಿ ನೋಡ್ತಿದ್ದೆ" ಅಂದರು. ಹಿಂದಿನಿಂದ ಬರುವವರಿಗೆ ಎಲ್ಲ ಕಾಣುತ್ತೆ ನೋಡಿ. ನಾನು ಹೇಳಿಬಿಟ್ಟೆ. ಅವರು "ಅಯ್ಯೋ" ಅನ್ನಲಿಲ್ಲ, ಎಲ್ಲ ಸರಿಹೋಗುತ್ತೆ ಅಂತಲೂ ಅನ್ನಲಿಲ್ಲ.

"ಇನ್ನೆಷ್ಟು ದಿನ ಇದೆ?"

"ಇಪ್ಪತ್ತನಾಲ್ಕು."

ಸ್ವಲ್ಪ ಹೊತ್ತು ಕಾಫಿ ಕುಡಿದು, "ಬೈಕ್ ಅವಸರಕ್ಕೆ ಮಾರಬೇಡ, ಅರ್ಧ ಬೆಲೆಗೆ ಕೇಳ್ತಾರೆ. ನನ್ನ ಗ್ಯಾರೇಜಿನಲ್ಲಿ ಜಾಗ ಇದೆ" ಅಂದರು.

ವಾಪಸ್ ಬರುವಾಗ ಕೋಲ್ಡ್ ಸ್ಪ್ರಿಂಗ್ಸ್ ರಸ್ತೆ ಹಿಡಿದೆವು. ದಾರಿಯಲ್ಲಿ ಗೋಲ್ಡ್ ಹಿಲ್‌ನ ಶಾಲೆಯ ಹತ್ತಿರ ಒಂದು ಫಲಕ. 1869ರಲ್ಲಿ ಜಪಾನಿನಿಂದ ಬಂದ ಒಂದು ಗುಂಪು ಇಲ್ಲಿ ಟೀ ಮತ್ತು ರೇಷ್ಮೆ ಬೆಳೆಯಲು ನೋಡಿತ್ತು, ವಾಕಮಾತ್ಸು ಕಾಲೊನಿ ಅಂತ. ಎರಡು ವರ್ಷ ಕೂಡ ಸರಿಯಾಗಿ ನಡೆಯಲಿಲ್ಲ. ಮಕ್ಕಳನ್ನು ನೋಡಿಕೊಳ್ಳಲು ಬಂದಿದ್ದ ಓಕೆಯ್ ಅನ್ನುವ ಹುಡುಗಿ 1871ರಲ್ಲಿ, 19ನೇ ವಯಸ್ಸಿಗೆ ಇಲ್ಲೇ ತೀರಿಕೊಂಡಳು. ಅವಳ ಸಮಾಧಿ ಅಲ್ಲೇ ಗುಡ್ಡದ ಮೇಲಿದೆ. ಎಲ್ಲರೂ ಹೆಲ್ಮೆಟ್ ತೆಗೆದರು. ನಾನು ಆ ಹುಡುಗಿಯ ಅಮ್ಮನ ಬಗ್ಗೆ ಯೋಚಿಸಿದೆ. ಅವರಿಗೆ ಸುದ್ದಿ ಯಾವಾಗ ಮುಟ್ಟಿತೋ, ಮುಟ್ಟಿತೋ ಇಲ್ಲವೋ.

ಆ ರಾತ್ರಿ ಊರಿಗೆ ಫೋನ್ ಮಾಡಿದೆ. ಅಲ್ಲಿ ಭಾನುವಾರ ಬೆಳಗ್ಗೆ, ಅಮ್ಮ ಮಾರ್ಕೆಟ್ಟಿಗೆ ಹೋಗಿದ್ದರು. ಅಪ್ಪನಿಗೆ ಎಲ್ಲ ಹೇಳಿದೆ. ಅವರು ಸುಮಾರು ಹೊತ್ತು ಸುಮ್ಮನಿದ್ದು, "ಗಣಿ ಮುಚ್ಚಿದಾಗ ನಿಮ್ಮಮ್ಮನಿಗೆ ನಾನು ಹತ್ತು ದಿನ ಹೇಳಿರಲಿಲ್ಲ ಪುಟ್ಟಿ. ಬೆಳಗ್ಗೆ ಎದ್ದು ಡಬ್ಬಿ ತಗೊಂಡು ಹೋಗಿ ಸ್ಟೇಷನ್ನಲ್ಲಿ ಕೂತ್ಕೋತಿದ್ದೆ" ಅಂದರು. ಇಷ್ಟು ವರ್ಷದಲ್ಲಿ ಮೊದಲ ಸಲ ನಾನು ಇದನ್ನು ಕೇಳಿದ್ದು. "ಅಮ್ಮಂಗೆ ನಾನು ಹೇಳ್ತೀನಿ, ನೀನು ಊಟ ಮಾಡಿ ಮಲಕ್ಕೋ."

ಇದನ್ನು ಬರೆಯುವಾಗ ಹತ್ತೊಂಬತ್ತು ದಿನ ಉಳಿದಿದೆ. ಸೋಮವಾರ ಒಂದು ಇಂಟರ್ವ್ಯೂ ಇದೆ, ಎರಡನೇ ಸುತ್ತು. ಮುಂದಿನ ಸವಾರಿ ಫೆಬ್ರವರಿ 14ಕ್ಕೆ ಅಂತ ಗುಂಪಿನಲ್ಲಿ ಹಾಕಿದ್ದಾರೆ, ನನ್ನ 60ನೇ ದಿನ ಕಳೆದು ನಾಲ್ಕು ದಿನಕ್ಕೆ. ಗ್ಯಾರೇಜಿನ ವಿಷಯಕ್ಕೆ ಸ್ವೀಪ್ ಹೆಂಗಸಿಗೆ ಮೆಸೇಜ್ ಮಾಡಿದ್ದೆ: ಓಡಿಸದೆ ನಿಲ್ಲಿಸಿದರೆ ಬ್ಯಾಟರಿಗೆ ಚಾರ್ಜರ್ ಹಾಕಿಡಬೇಕು, ಗೋಡೆಯ ಹತ್ತಿರ ಪ್ಲಗ್ ಇದೆಯಾ ಅಂತ. ಇದೆ, ಗೋಡೆಯ ಆ ಭಾಗ ಖಾಲಿ ಮಾಡಿದ್ದೇನೆ, ಆದರೆ ಸದ್ಯಕ್ಕೆ ಬೈಕ್ ನಿನ್ನ ಹತ್ತಿರವೇ ಇರಲಿ ಅಂತ ಉತ್ತರ ಬಂತು.