ಗ್ಯಾಸ್ ಎಲ್ಲಿ ಹೋತು?

ನಮ್ಮ ಕಾಕಾ ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ ಅಮೋನಿಯಾ ಪ್ಲಾಂಟ್ ನೋಡಿಕೊಂಡೇ ತಲೆ ನೆರೆಸಿಕೊಂಡವರು. ಮೆಣಸಿನಕಾಯಿ ಬಣ್ಣ ಕೆಡದಂತೆ ತಿಂಗಳುಗಟ್ಟಲೆ ಚೀಲ ಇಡುವ ಗೋದಾಮು ಅದು. ಅಲ್ಲಿ ಗ್ಯಾಸ್ ಸೋರಿದರೆ ಮೂಗೇ ಹೇಳುತ್ತದೆ. ಎಲ್ಲಿಂದ ಅಂತ ಹುಡುಕಲು ಗಂಧಕದ ಬತ್ತಿ ಹೊತ್ತಿಸಿ ಪೈಪಿನುದ್ದಕ್ಕೂ ಹಿಡಿಯುತ್ತ ಹೋಗುತ್ತಾರೆ. ಸೋರುವ ಜಾಗ ಬಂದಕೂಡಲೆ ಬೆಳ್ಳಗೆ ದಟ್ಟ ಹೊಗೆ ಏಳುತ್ತದೆ.

ಅಂಥವರನ್ನು ಒಂದು ಮೇ ತಿಂಗಳು ರಾಯಚೂರು ಬಸ್ ಸ್ಟ್ಯಾಂಡಿನಿಂದ ನನ್ನ 2001ರ ಝೆನ್ ಕಾರಿನಲ್ಲಿ ಮನೆಗೆ ಕರೆತಂದೆ. ಹೊರಗೆ 42 ಡಿಗ್ರಿ. ಏಸಿ ಹಾಕಿದರೆ ಬರುವ ಗಾಳಿಯೂ ಹೆಚ್ಚುಕಡಿಮೆ ಅಷ್ಟೇ.

"ಗ್ಯಾಸ್ ಖಾಲಿ ಆಗಿರಬೇಕು ಕಾಕಾ. ಪ್ರತಿ ಬ್ಯಾಸಗಿಗೂ ಹಾಕಸ್ತೀನಿ," ಅಂದೆ.

"ಖಾಲಿ ಆಗಾಕ ಅದೇನ್ ಪೆಟ್ರೋಲ್ ಏನವಾ? ಸುತ್ತಿ ಸುತ್ತಿ ಒಳಗೇ ಇರಬೇಕದು. ಎಲ್ಲಿ ಹೋತು, ಅದನ್ ಹೇಳ್ ಮೊದಲ."

ವರ್ಷಾ ವರ್ಷಾ ದುಡ್ಡು ಎಣಿಸಿಕೊಂಡ ಅಂಗಡಿಯವ ಈ ಮಾತನ್ನು ಒಮ್ಮೆಯೂ ಕೇಳಿರಲಿಲ್ಲ.

ಮರುದಿನ ಬಿಸಿಲೇರುವ ಮೊದಲೇ ಬೇವಿನ ಗಿಡದ ಕೆಳಗೆ ಬಾನೆಟ್ ತೆರೆಯಿತು. ಕಾಕಾ ಮೊದಲು ನೋಡಿದ್ದು ಸ್ಟಿಕ್ಕರು. ಗ್ಯಾಸಿನ ಹೆಸರು ಆರ್-134ಎ ಅಂತಿತ್ತು. ಹಳೆಯ ಗಾಡಿಗಳಲ್ಲಿ ಇರುತ್ತಿದ್ದ ಆರ್-12 ಓಝೋನ್ ಪದರ ತಿನ್ನುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದವಾದ ಮೇಲೆ ಒಂದೊಂದೇ ದೇಶ ಅದನ್ನು ಬಿಡುತ್ತ ಬಂತು. ಎರಡಕ್ಕೂ ಆಯಿಲ್ ಬೇರೆ, ಒಂದರದ್ದು ಇನ್ನೊಂದಕ್ಕೆ ಆಗಿಬರುವುದಿಲ್ಲ. 134ಎ ಓಝೋನಿಗೇನೂ ಮಾಡುವುದಿಲ್ಲ ನಿಜ, ಆದರೆ ಭೂಮಿಯ ಕಾವು ಏರಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಗಿಲು. ನಾನು ವರ್ಷಕ್ಕೊಮ್ಮೆ ದುಡ್ಡು ಕೊಟ್ಟು ಹಾಕಿಸಿದ್ದೆಲ್ಲ ರಾಯಚೂರಿನ ಆಕಾಶಕ್ಕೇ ಹೋಗಿತ್ತು. ಇದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಗಂಧಕದ ಬತ್ತಿಯೂ ನಡೆಯುವುದಿಲ್ಲ.

ಸರ್ವಿಸ್ ವಾಲ್ವಿನ ಪಿನ್ ಒತ್ತಿದರೆ 'ಫುಸ್' ಅನ್ನಲೂ ಇಲ್ಲ. ಕಾಕಾ ಕನ್ನಡಕ ಏರಿಸಿಕೊಂಡು ಪೈಪಿನ ಮೇಲೆ ಬೆರಳಾಡಿಸುತ್ತ ಹೋದರು. ಎಲ್ಲ ಕಡೆ ರಾಯಚೂರಿನ ಒಣ ಧೂಳು. ಕಂಡೆನ್ಸರಿಗೆ ಪೈಪ್ ಕೂಡುವ ಜಾಯಿಂಟಿನಲ್ಲಿ ಮಾತ್ರ ರೂಪಾಯಿ ಅಗಲದ ಕಪ್ಪು ಜಿಡ್ಡು. "ಇಲ್ಲೈತಿ ನೋಡ್. ಗ್ಯಾಸ್ ಹಾರಿ ಹೋಗತೈತಿ, ಅದರ ಸಂಗಾಟ ಬಂದ ಆಯಿಲ್ ಎಲ್ಲಿ ಹೋಗ್ಬೇಕು?"

ಆದರೂ ಅಷ್ಟಕ್ಕೇ ನಂಬುವ ಜೀವ ಅಲ್ಲ ಅದು. ಓಣಿಯ ಫ್ರಿಜ್ ರಿಪೇರಿಯವರಿಂದ ನೈಟ್ರೋಜನ್ ಸಿಲಿಂಡರ್, ಗೇಜ್ ಸೆಟ್, ವ್ಯಾಕ್ಯೂಮ್ ಪಂಪ್ ಬಾಡಿಗೆಗೆ ತರಿಸಿದರು. ನೈಟ್ರೋಜನ್ ಒತ್ತಡ ಕೊಟ್ಟು ಜಾಯಿಂಟಿಗೆ ಸೋಪಿನ ನೀರು ಸವರಿದಾಗ ಸಾಸಿವೆ ಕಾಳಿನಷ್ಟು ಗುಳ್ಳೆ, ನಿಧಾನವಾಗಿ ಒಂದರ ಹಿಂದೊಂದು. ಬಿಚ್ಚಿದರೆ ಒಳಗಿನ ಓ-ರಿಂಗ್ ಒಣಗಿ ಚಪ್ಪಟೆಯಾಗಿತ್ತು, ಉಗುರು ತಾಗಿಸಿದಲ್ಲೇ ಮುರಿಯಿತು. ಪೇಟೆಯಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಸಿಗುವ ಮಾಲು! ಏಸಿಗೆಂದೇ ಬರುವ ಹಸಿರು ರಿಂಗ್ ತಂದು, ಕಂಪ್ರೆಸರ್ ಆಯಿಲ್ ಸವರಿ ಕೂರಿಸಿದರು. ಪೈಪ್ ತೆರೆದ ಮೇಲೆ ಡ್ರೈಯರನ್ನೂ ಬದಲಿಸಲೇಬೇಕೆಂದು ಹಟ. ತೇವ ಹೀರುವುದೇ ಅದರ ಕೆಲಸ, ಗಾಳಿಗೆ ಬಿಟ್ಟರೆ ಹೊರಗಿನ ತೇವ ಕುಡಿದೇ ತೀರಿಹೋಗುತ್ತದೆ.

ಆಮೇಲೆ ವ್ಯಾಕ್ಯೂಮ್. ಪಂಪ್ ಗಾಳಿ ಎಳೆದಂತೆಲ್ಲ ಒತ್ತಡ ಇಳಿದು ಒಳಗಿನ ತೇವ ಹೊರಗಿನ ಶಾಖಕ್ಕೇ ಕುದಿದು ಆವಿಯಾಗಿ ಬರುತ್ತದೆ. ಉಳಿದರೆ ಎಕ್ಸ್‌ಪ್ಯಾನ್ಶನ್ ವಾಲ್ವಿನಲ್ಲಿ ಮಂಜುಗಟ್ಟಿ ದಾರಿ ಕಟ್ಟುತ್ತದೆ. ಪಂಪ್ ನಿಲ್ಲಿಸಿ ಗೇಜಿನ ಮುಂದೆ ಅರ್ಧ ತಾಸು ಕೂತರು. ನಾನು ಊಟಕ್ಕೆ ಕರೆದೆ. "ಮುಳ್ಳು ಅಲ್ಲಾಡಲಿಲ್ಲ ಅಂದ್ರ ಬರ್ತೀನಿ." ಅಲ್ಲಾಡಲಿಲ್ಲ, ಬಂದರು.

ಗ್ಯಾಸ್ ಹಾಕಿದ್ದು ನನ್ನ ಅಡುಗೆಮನೆಯ ತಕ್ಕಡಿಯ ಮೇಲೆ, ಸ್ಟಿಕ್ಕರಿನಲ್ಲಿದ್ದಷ್ಟೇ ಗ್ರಾಂ. ಹೆಚ್ಚು ಹಾಕಿದರೆ ಹೆಚ್ಚು ತಂಪು ಅನ್ನುವುದು ಅಂಗಡಿ ಮಾತು. ಹೆಚ್ಚಾದರೆ ಒತ್ತಡ ಏರಿ ತಂಪೇ ಕಡಿಮೆಯಾಗುತ್ತದೆ. ಗ್ಯಾಸಿನ ಡಬ್ಬಿಯನ್ನು ನೆಟ್ಟಗೇ ಹಿಡಿದಿದ್ದರು. ತಲೆಕೆಳಗು ಮಾಡಿದರೆ ದ್ರವ ನುಗ್ಗಿ ಕಂಪ್ರೆಸರ್ ಹಾಳು. ಆ ಬೇಗೆಯಲ್ಲೂ ಡಬ್ಬಿಯ ಮೈಮೇಲೆ ಹಿಮ ಕೂತು ಗ್ಯಾಸ್ ಬರುವುದೇ ನಿಧಾನವಾಯಿತು. ಉಗುರುಬೆಚ್ಚಗಿನ ನೀರಲ್ಲಿಡಬೇಕು ಅಂದರು. ಕಾಯಿಸುವ ಕೆಲಸ ಎಲ್ಲಿಯದು, ಮಾಳಿಗೆ ಮೇಲಿನ ಟ್ಯಾಂಕಿನ ನಲ್ಲಿ ತಿರುವಿದರೆ ಅದಕ್ಕಿಂತ ಬಿಸಿ. ಕೊಡದ ನೀರು ಬೆರೆಸಿ ತಣಿಸಿ ಕೊಟ್ಟೆ.

ಕಂಪ್ರೆಸರಿನ ಕ್ಲಚ್ 'ಟಕ್' ಅಂತು. ಸ್ವಲ್ಪ ಹೊತ್ತಿಗೆ ಸೀಟಿನವರೆಗೂ ತಂಪು. ಕಾಕಾ ಒಳಗೆ ಕೂತವರೇ ಟವೆಲ್ಲು ಕಿವಿಗೆ ಸುತ್ತಿಕೊಂಡು, "ಸಣ್ಣ ಮಾಡವಾ, ನೆಗಡಿ ಆಕ್ಕೈತಿ," ಅಂದರು.

ಸಂಜೆ ಸಾಮಾನು ವಾಪಸ್ ಕೊಡಲು ಇಬ್ಬರೂ ಹೋದೆವು. ಫ್ರಿಜ್ ರಿಪೇರಿಯವರು ಮುರಿದ ರಿಂಗನ್ನು ಅಂಗೈಯಲ್ಲಿಟ್ಟುಕೊಂಡು ಎಲ್ಲ ಕೇಳಿದರು. ಬಾಡಿಗೆ ಎಷ್ಟು ಅಂದರೆ ಕೈ ಆಡಿಸಿದರು. "ದುಡ್ಡು ಬ್ಯಾಡ್ರಿ ಅಕ್ಕಾರ. ಐಸ್‌ಕ್ರೀಂ ಅಂಗಡಿ ಡೀಪ್ ಫ್ರೀಜರ್ ಒಂದೈತಿ, ಎಷ್ಟ್ ಗ್ಯಾಸ್ ಹಾಕಿದ್ರೂ ನಿಲ್ಲವಲ್ದು. ನಾಳೆ ಮುಂಜಾನೆ ಯಜಮಾನ್ರನ್ನ ಅಷ್ಟು ಕಳಸಿಕೊಡ್ರಿ."

ಕಾಕಾ ಆಗಲೇ ಅವರ ಕೈಯಿಂದ ಗೇಜ್ ಸೆಟ್ ವಾಪಸ್ ತಗೊಂಡಿದ್ದರು.