ಮೂಲೆ ತಿರುಗುವ ಲೋವೆ

ಕೋಲಾರ ಸೀಮೆಗೆ ಹೋದವರು ಬೆಟ್ಟ ನೋಡುತ್ತಾರೆ, ಗುಡಿ ನೋಡುತ್ತಾರೆ, ಕಾಲ ಬಂದಿದ್ದರೆ ಶ್ರೀನಿವಾಸಪುರದ ಮಾವು ಹೊತ್ತು ತರುತ್ತಾರೆ. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಅಲ್ಲಿ ಇನ್ನೊಂದು ನೋಟವೂ ಉಂಟು. ತಲೆ ಎತ್ತಿ ಕಟ್ಟಡಗಳ ಮೂಲೆ ನೋಡಬೇಕು, ಅಷ್ಟೆ. ಗೋಡೆಯಿಂದ ಓರೆಯಾಗಿ ಚಾಚಿಕೊಂಡ ಅಂಚಿಗೆ ಗುಡಿಯಲ್ಲಿ ಕಪೋತವೆಂದು ಹೆಸರು, ಹೆಂಚಿನ ಮನೆಯಲ್ಲಿ ಲೋವೆ, ಈಗಿನ ಮನೆಯ ಹಾಲಿನಲ್ಲಿ ಗೋಡೆ-ಸೂರು ಕೂಡುವಲ್ಲಿ ಕೂರಿಸುವ ಪಟ್ಟಿಗೆ ಕಾರ್ನಿಸ್. ಹೆಸರು ಯಾವುದಾದರೂ ಇರಲಿ, ಅದು ಮೂಲೆಗೆ ಬಂದು ತಿರುಗುವಾಗ ಕೆಲಸಗಾರನಿಗೆ ಎದುರಾಗುವ ಕಷ್ಟ ಒಂದೇ.

ಬೆಂಗಳೂರಿನಿಂದ ರೈಲಿನಲ್ಲಿ ಹೊರಟರೆ ಮೊದಲು ಸಿಗುವುದು ಮಾಲೂರು, ಇಟ್ಟಿಗೆ ಹೆಂಚುಗಳ ಊರು. ನಾಲ್ಕೂ ಕಡೆ ಇಳಿಜಾರಿರುವ ಹೆಂಚಿನ ಮಾಡನ್ನು ಗಮನಿಸಿ. ಎರಡು ಇಳಿಜಾರು ಕೂಡುವ ಕಡೆ ಪ್ರತಿ ಹೆಂಚನ್ನೂ ಓರೆಯಾಗಿ ಒಡೆಯಬೇಕು. ಆದರೆ ಆ ಒಡೆದ ಅಂಚು ನಮಗೆ ಕಾಣುವುದಿಲ್ಲ. ಮೇಲೊಂದು ಬಾಗಿದ ಹೆಂಚು ಮುಚ್ಚಿ, ಗಾರೆ ಮೆತ್ತಿದರೆ ತಪ್ಪೂ ಮುಚ್ಚಿತು, ಮಳೆಯೂ ನಿಂತಿತು. ಸಂದನ್ನು ಮರೆಮಾಡುವುದು ಹೆಂಚಿನವರ ಉಪಾಯ.

ಕಲ್ಲಿನವರಿಗೆ ಈ ಅನುಕೂಲವಿಲ್ಲ. ಕೋಲಾರಮ್ಮನ ಗುಡಿಗೆ ಹೋಗಿ. ಇಟ್ಟಿಗೆಯಲ್ಲಿದ್ದ ಆ ಗುಡಿಯನ್ನು ಕಲ್ಲಿನಲ್ಲಿ ಕಟ್ಟಿಸಿದ ಸಂಗತಿಯನ್ನು ಹೇಳುವ ಶಾಸನ ರಾಜೇಂದ್ರ ಚೋಳನ ಕಾಲದ್ದು, ಅಂದರೆ ಹನ್ನೊಂದನೆಯ ಶತಮಾನದ್ದು. ಈ ಜಿಲ್ಲೆಯ ಶಾಸನಗಳನ್ನೆಲ್ಲ ಬಿ.ಎಲ್. ರೈಸ್ 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟದಲ್ಲಿ ಅಚ್ಚು ಮಾಡಿಸಿದರು. ಇಟ್ಟಿಗೆ ಗಾರೆಯಲ್ಲಾದರೆ ಮೂಲೆಯನ್ನು ಮೆತ್ತಿ ತಿದ್ದಬಹುದು. ಕಲ್ಲನ್ನು ಮೂಲೆಯಲ್ಲಿ ಓರೆಯಾಗಿ ಕೊಯ್ದು ಜೋಡಿಸಹೊರಟರೆ ಅಂಚು ಬ್ಲೇಡಿನಂತೆ ತೆಳ್ಳಗಾಗುತ್ತದೆ. ತೆಳ್ಳಗಾದ ಕಲ್ಲು ಚಕ್ಕೆ ಏಳುತ್ತದೆ. ಅದಕ್ಕೆ ಕಲ್ಲಿನ ಕೆಲಸದ ಹಳೆಯ ಉಪಾಯ ಹೀಗೆ: ಮೂಲೆಗೆ ಒಂದೇ ಇಡೀ ಕಲ್ಲು ಕೂರಿಸಿ, ಎರಡೂ ಮುಖಗಳನ್ನು ಅದರಲ್ಲೇ ಕಡೆದು, ಸಂದನ್ನು ಮೂಲೆಯಿಂದ ಆಚೆಗೆ ಸಾಗಿಸಿಬಿಡುವುದು. ಅಲ್ಲಿ ಎರಡು ಕಲ್ಲುಗಳು ನೇರವಾಗಿ ಮೈಗೆ ಮೈ ತಾಗಿಸಿ ನಿಲ್ಲುತ್ತವೆ. ಹತ್ತಿರದಲ್ಲೇ ಇರುವ ಸೋಮೇಶ್ವರ ದೇವಾಲಯ ವಿಜಯನಗರ ಕಾಲದ್ದು. ಎರಡು ಬಾಗಿನ, ಆಳವಾದ ಲೋವೆ ಆ ಕಾಲದ ಮಂಟಪಗಳ ಗುರುತು. ಸಂದು ಎಲ್ಲಿ ಬಿದ್ದಿದೆ ಎಂದು ಮಕ್ಕಳಿಗೆ ಹುಡುಕಲು ಹೇಳಿ. ಕೆಳಗಿನಿಂದಲೇ ನೋಡಲಿ, ಕಂಬ ಹತ್ತುವುದು ಬೇಡ.

ಉಳಿದವನು ಬಡಗಿ. ಮರ ಚಕ್ಕೆ ಏಳುವುದಿಲ್ಲವಾದ್ದರಿಂದ ಅವನು ಮೂಲೆಯಲ್ಲೇ ಕೊಯ್ಯುತ್ತಾನೆ. ನಿಜವಾದ ಲೆಕ್ಕ ಇರುವುದು ಇಲ್ಲಿ. ಫೋಟೋ ಚೌಕಟ್ಟಿನ ಮೂಲೆಗೆ 45 ಡಿಗ್ರಿ ಸಾಕು, ಏಕೆಂದರೆ ಪಟ್ಟಿಗಳು ಮಲಗಿರುತ್ತವೆ. ಕಾರ್ನಿಸ್ ಪಟ್ಟಿ ಗೋಡೆಗೂ ಸೂರಿಗೂ ನಡುವೆ ಓರೆಯಾಗಿ ನಿಲ್ಲುತ್ತದೆ. ಅದನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ 45ಕ್ಕೆ ಕೊಯ್ದರೆ, ಗೋಡೆಗೆ ಏರಿಸಿದಾಗ ಮೂಲೆ ಬಾಯಿ ಬಿಡುತ್ತದೆ. ಉದ್ದನೆಯ ತೇಗದ ಪಟ್ಟಿಯೊಂದು ಹೀಗೆ ಹಾಳಾದರೆ ಅದರ ಬೆಲೆ ತೆರುವವರು ಯಾರು ಎಂಬುದು ಮನೆಯವರಿಗೂ ಮೇಸ್ತ್ರಿಗೂ ಜಗಳದ ವಿಷಯ.

ಇದಕ್ಕೆಂದೇ ಕಾಂಪೌಂಡ್ ಮೈಟರ್ ಸಾ ಎಂಬ ಗರಗಸ ಯಂತ್ರ ಬಂದಿದೆ. ಅದರ ಬ್ಲೇಡು ಮೇಜಿನ ಮೇಲೆ ಎಡಬಲಕ್ಕೆ ತಿರುಗುವುದಲ್ಲದೆ, ಒಂದು ಮಗ್ಗುಲಿಗೆ ವಾಲುತ್ತದೆ ಕೂಡ. ಎಷ್ಟು ತಿರುಗಿಸಬೇಕು, ಎಷ್ಟು ವಾಲಿಸಬೇಕು? ಹತ್ತನೆಯ ತರಗತಿಯ ತ್ರಿಕೋನಮಿತಿಯೇ ಉತ್ತರ ಕೊಡುತ್ತದೆ. ಪಟ್ಟಿ ಗೋಡೆಯೊಂದಿಗೆ ಮಾಡುವ ಕೋನದ ಸೈನ್ ತೆಗೆದುಕೊಳ್ಳಿ. ಚೌಕ ಮೂಲೆಗೆ ಬ್ಲೇಡು ತಿರುಗಬೇಕಾದ ಕೋನದ ಟ್ಯಾನ್ ಅದೇ. ಗೋಡೆಯ ಕೋನದ ಕೊಸೈನನ್ನು 45ರ ಸೈನಿನಿಂದ ಗುಣಿಸಿದರೆ, ಬ್ಲೇಡು ವಾಲಬೇಕಾದ ಕೋನದ ಸೈನ್ ಬರುತ್ತದೆ. ಗೋಡೆಯೊಂದಿಗೆ 45 ಡಿಗ್ರಿ ನಿಲ್ಲುವ ಪಟ್ಟಿಗೆ 35.3 ತಿರುವು, 30 ವಾಲು. ವಿದೇಶಗಳಲ್ಲಿ ಹೆಚ್ಚು ಬಳಕೆಯಲ್ಲಿರುವ 38 ಡಿಗ್ರಿಯ ಪಟ್ಟಿಗೆ 31.6 ಮತ್ತು 33.9. ‘ಸೈನ್, ಟ್ಯಾನ್ ಕಲಿತು ಏನು ಪ್ರಯೋಜನ?’ ಎಂದು ಕೇಳುವ ಮಗನಿಗೂ, ‘ಬಡಗಿ ಕೆಲಸಕ್ಕೆ ಓದು ಯಾಕೆ?’ ಎನ್ನುವ ಅಪ್ಪನಿಗೂ ಈ ಎರಡು ಸಾಲಿನ ಲೆಕ್ಕ ತೋರಿಸಬಹುದು.

ಲೆಕ್ಕ ಸರಿಯಾದರೂ ಗೋಡೆ ಸರಿಯಿರಬೇಕಲ್ಲ! ಗಾರೆ ದಪ್ಪ ಕೂತು ಮೂಲೆ 91 ಡಿಗ್ರಿಯಾಗಿದ್ದರೆ, 38ರ ಪಟ್ಟಿಗೆ 31.2 ಮತ್ತು 33.5 ಬೇಕು. ಆದ್ದರಿಂದ ಕೊಯ್ಯುವ ಮೊದಲು ಅಳೆಯಬೇಕು: ಮೂಲೆಯಿಂದ ಒಂದು ಗೋಡೆಯ ಮೇಲೆ 3 ಅಡಿ, ಇನ್ನೊಂದರ ಮೇಲೆ 4 ಅಡಿ ಗುರುತು ಹಾಕಿ. ಎರಡರ ನಡುವೆ ಸರಿಯಾಗಿ 5 ಅಡಿ ಬಂದರೆ ಮೂಲೆ ಚೌಕ. ಇಷ್ಟೆಲ್ಲ ಬೇಡವೆನ್ನುವ ಅನುಭವಿ ಪಟ್ಟಿಯನ್ನು ತಲೆಕೆಳಗಾಗಿ ಹಿಡಿಯುತ್ತಾನೆ. ಮೇಜೇ ಸೂರು, ಹಿಂದಿನ ಒರಗೇ ಗೋಡೆ; ಪಟ್ಟಿ ಗೋಡೆಯಲ್ಲಿ ನಿಂತಂತೆಯೇ ಓರೆಯಾಗಿ ನಿಂತಾಗ ಬರಿಯ 45 ಸಾಕು. ಲೆಕ್ಕವನ್ನು ಪಟ್ಟಿಯ ಓರೆಯೇ ಮಾಡಿಕೊಡುತ್ತದೆ. ನನಗೆ ಮೆಚ್ಚುಗೆ ಇದರ ಮೇಲೇ. ಆದರೆ ಅಗಲದ ಪಟ್ಟಿ ಹೀಗೆ ಬ್ಲೇಡಿನ ಕೆಳಗೆ ಹಿಡಿಸುವುದಿಲ್ಲ, ಆಗ ಮೊದಲಿನ ಲೆಕ್ಕಕ್ಕೇ ಬರಬೇಕು. ಮನೆಯಲ್ಲಿ ಪರೀಕ್ಷಿಸುವ ಮಕ್ಕಳು ಥರ್ಮೋಕೋಲ್ ತುಂಡು ಬಳಸಲಿ, ಯಂತ್ರದ ಹತ್ತಿರ ಹೋಗದಿರಲಿ.

ಕೆಲಸ ಕಲಿಯುವವರಿಗೆ ಶ್ರೀನಿವಾಸಪುರದ ಕಡೆಯ ಮಾವಿನ ಮರವೇ ಸಾಕು. ಹುಳು ಬೇಗ ಹಿಡಿಯುವುದರಿಂದ ಅದು ಪೆಟ್ಟಿಗೆಗೆ, ಸೆಂಟ್ರಿಂಗ್ ಹಲಗೆಗೆ ಹೋಗುತ್ತದೆ. ಹತ್ತು ತುಂಡು ಹಾಳಾದರೂ ಎದೆ ಒಡೆಯುವುದಿಲ್ಲ.

ಅಲ್ಲಿಂದ ಮುಳಬಾಗಿಲು. ತಾಲ್ಲೂಕಿನ ಆವನಿಯಲ್ಲಿ ನೊಳಂಬರ ಕಾಲದ ಗುಡಿಗಳು ಒಂದೇ ಆವರಣದಲ್ಲಿ ನಿಂತಿವೆ. ಒಂದರ ಲೋವೆಯನ್ನು ಇನ್ನೊಂದರ ಜೊತೆಗೆ ಅಲ್ಲೇ ಹೋಲಿಸಬಹುದು. ಕುರುಡುಮಲೆಯ ಗಣಪ ಎಲ್ಲರಿಗೂ ಗೊತ್ತು. ಅದರ ಹತ್ತಿರದ ಸೋಮೇಶ್ವರ ಗುಡಿಗೆ ಹೋಗುವವರು ಕಡಿಮೆ. ಅದರ ಒಂದು ಅರ್ಧವನ್ನು ಜಕಣಾಚಾರಿ, ಇನ್ನೊಂದು ಅರ್ಧವನ್ನು ಮಗ ಡಂಕಣ ಕಡೆದರೆಂದೂ, ಮಗನ ಕೆಲಸವೇ ಮೇಲೆಂದೂ ಜನ ಕಥೆ ಹೇಳುತ್ತಾರೆ. ಕಥೆಯನ್ನು ಇತಿಹಾಸವೆಂದು ತಿಳಿಯಬೇಕಾಗಿಲ್ಲ. ಇಬ್ಬರ ಕೆಲಸ ಎಲ್ಲಿ ಕೂಡಿತು ಎಂದು ಹುಡುಕುವುದಕ್ಕೆ ಮಾತ್ರ ಅದು ಒಳ್ಳೆಯ ನೆಪ. ಮಧ್ಯಾಹ್ನ ಬಾಗಿಲು ಹಾಕಿದ್ದರೂ ಚಿಂತೆಯಿಲ್ಲ. ಹೊರಗೋಡೆಯ ಲೋವೆ ಸುತ್ತು ಹಾಕಿದವರಿಗೆಲ್ಲ ಕಾಣುತ್ತದೆ.